ಪ್ರೋಟಾನ್ ಚಿಕಿತ್ಸೆಗೆ ಹೊರಟವರ ಮನೆಯವರಿಗೊಂದು ನೋಟ್‌ಬುಕ್

ಅಕ್ಕ ಜಯನಗರದ ನಮ್ಮ ಮನೆಗೆ ದಪ್ಪ ಫೈಲು ಹಿಡಿದು ಬಂದಳು. ಒಂಬತ್ತು ವರ್ಷದ ಮಗಳಿಗೆ ತಲೆಬುರುಡೆಯ ಬುಡದಲ್ಲಿ ಗಡ್ಡೆ. ಪ್ರೋಟಾನ್ ಎಂಬ ಪರಮಾಣು ಕಣಗಳ ಕಿರಣದಿಂದ ಗಡ್ಡೆಯನ್ನು ನಾಶಮಾಡುವ ಪ್ರೋಟಾನ್ ಚಿಕಿತ್ಸೆಗೆ ಚೆನ್ನೈಗೆ ಹೋಗಬೇಕಿತ್ತು. ನಾನು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ವಿಕಿರಣ ಭೌತವಿಜ್ಞಾನಿ. ಅವಳು ಕೇಳಿದ್ದು ಎರಡೇ ಮಾತು: ‘ಕಿರಣ ಸರಿಯಾದ ಜಾಗಕ್ಕೇ ಬೀಳುತ್ತಿದೆ ಎಂದು ಅವರಿಗೆ ಹೇಗೆ ತಿಳಿಯುತ್ತದೆ? ನಾನೇನು ಮಾಡಲಿ?’ ಆ ರಾತ್ರಿ ಅವಳಿಗೆ ಒಂದು ನೋಟ್‌ಬುಕ್ಕಿಗೆ ಗೆರೆ ಹಾಕಿಕೊಟ್ಟೆ. ನೀವೂ ಹಾಗೆಯೇ ಹಾಕಿಕೊಳ್ಳಿ.

ಮೊದಲು ಕಾರಣ ತಿಳಿಯಿರಿ. ಎಕ್ಸ್-ರೇ ದೇಹವನ್ನು ಹಾದು ಆಚೆ ಹೋಗುತ್ತದೆ. ಪ್ರೋಟಾನ್ ಒಳಗೇ ನಿಲ್ಲುತ್ತದೆ, ನಿಲ್ಲುವ ಮುನ್ನ ತನ್ನ ಶಕ್ತಿಯ ದೊಡ್ಡ ಪಾಲನ್ನು ಅಲ್ಲೇ ಸುರಿಯುತ್ತದೆ. 150 ಎಂಇವಿ (ಕಣಗಳ ಶಕ್ತಿಯನ್ನು ಅಳೆಯುವ ಮಾನ) ಶಕ್ತಿಯ ಪ್ರೋಟಾನ್ ನೀರಿನಲ್ಲಿ ಸುಮಾರು 16 ಸೆಂ.ಮೀ. ಹೋಗಿ ನಿಲ್ಲುತ್ತದೆ. ದೇಹದಲ್ಲಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಸಿ.ಟಿ. ಸ್ಕ್ಯಾನ್ ನೋಡಿ ಲೆಕ್ಕ ಹಾಕುತ್ತಾರೆ. ಆದ್ದರಿಂದ ಸ್ಕ್ಯಾನ್ ಮಾಡಿದ ದಿನ ದೇಹ ಹೇಗಿತ್ತೋ ಪ್ರತಿದಿನವೂ ಹಾಗೆಯೇ ಇರಬೇಕು.

ಮೊದಲ ಕಾಲಂ ಶೀತ. ಇದನ್ನು ಎಲ್ಲಕ್ಕಿಂತ ಮೇಲೆ ಬರೆಯಿರಿ. ಚಿಕಿತ್ಸೆಯ ಮೂರನೆಯ ವಾರ ಮಗುವಿಗೆ ನೆಗಡಿಯಾಯಿತು. ‘ಇಷ್ಟಕ್ಕೆಲ್ಲ ಅವರಿಗೆ ತೊಂದರೆ ಕೊಡುವುದೇ?’ ಎಂದು ಅಕ್ಕ ಫೋನಿನಲ್ಲಿ ಹಿಂಜರಿದಳು. ಹೇಳಲೇಬೇಕು ಎಂದೆ. ಮೂಗಿನ ಪಕ್ಕದ ಸೈನಸ್ ಕುಳಿಯಲ್ಲಿ ಗಾಳಿ ಇದ್ದ ಕಡೆ ಒಂದು ಸೆಂ.ಮೀ. ಸಿಂಬಳ ತುಂಬಿದರೆ, ಆ ದಾರಿಯಾಗಿ ಹೋಗುವ ಪ್ರೋಟಾನ್ ಹೆಚ್ಚುಕಡಿಮೆ ಅಷ್ಟೇ ಹಿಂದೆ ನಿಲ್ಲುತ್ತದೆ, ಗಡ್ಡೆಯ ಒಂದು ಅಂಚು ಉಳಿಯುತ್ತದೆ. ತುಂಬಿದ್ದಾಗ ಸ್ಕ್ಯಾನ್ ಆಗಿ ಆಮೇಲೆ ಖಾಲಿಯಾದರೆ ಅಷ್ಟೇ ಮುಂದಕ್ಕೆ, ಕಣ್ಣಿನ ನರದ ಕಡೆಗೋ ಮಿದುಳಿನ ಕಾಂಡದ ಕಡೆಗೋ ನುಗ್ಗುತ್ತದೆ. ಅಲ್ಲಿಯವರು ಅಂದೇ ಮತ್ತೆ ಸಿ.ಟಿ. ಮಾಡಿದರು, ಯೋಜನೆಯನ್ನು ತಿದ್ದಿದರು. ನೀವಾಗಿಯೇ ಔಷಧ ಕೊಡಬೇಡಿ, ನೀವಾಗಿಯೇ ಒಂದು ದಿನ ತಪ್ಪಿಸಲೂ ಬೇಡಿ. ತಿಳಿಸಿ, ಅವರು ನಿರ್ಧರಿಸಲಿ.

ಎರಡನೆಯದು ಮಾಸ್ಕ್. ತಲೆ ಅಲ್ಲಾಡದಂತೆ ಹಿಡಿಯಲು, ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಮುಖಕ್ಕೆ ಅಚ್ಚು ತೆಗೆದ ಪ್ಲಾಸ್ಟಿಕ್ ಬಲೆ ಅದು. ಅಚ್ಚು ತೆಗೆದ ದಿನ ಜಡೆ ಹೇಗೆ ಹಾಕಿದ್ದಿರಿ? ಬರೆದಿಡಿ, ಕೊನೆಯವರೆಗೂ ಹಾಗೆಯೇ ಹಾಕಿ. ಸ್ಟೆರಾಯ್ಡ್‌ನಿಂದ ಮುಖ ಊದಿದರೆ ಬಿಗಿಯಾಗುತ್ತದೆ, ಊಟ ಬಿಟ್ಟರೆ ಸಡಿಲವಾಗುತ್ತದೆ. ಹೊರಗೆ ಬಂದಾಗ ಹಣೆಯ ಮೇಲೆ ಬಲೆಯ ಗುರುತು ಎಂದಿನಂತೆ ಇದೆಯೇ ನೋಡಿ. ನಮ್ಮ ಮಗು ‘ಇವತ್ತು ಗಲ್ಲ ಅಲ್ಲಾಡಿತು’ ಎಂದದ್ದನ್ನು ಅಕ್ಕ ಹಾಗೆಯೇ ಬರೆದುಕೊಂಡಿದ್ದಳು. ಅಂಥ ಮಾತು ನಮ್ಮಂಥವರಿಗೆ ಬಹಳ ಉಪಯೋಗದ್ದು.

ತೂಕ: ಒಂದೇ ತಕ್ಕಡಿ, ಬೆಳಿಗ್ಗೆ ತಿಂಡಿಗೆ ಮುಂಚೆ. ಕಿಬ್ಬೊಟ್ಟೆಯ ಚಿಕಿತ್ಸೆಯಾದರೆ ಎಷ್ಟು ನೀರು, ಎಷ್ಟು ಹೊತ್ತಿಗೆ ಕುಡಿದಿರಿ ಎಂಬುದೂ ಇರಲಿ.

ಆಸ್ಪತ್ರೆಯವರ ಕಡೆಯ ನಿಗಾ ಬೇರೆಯೇ ಇದೆ. ಕಿರಣ ಹೊರಬರುವ ಬಾಯಿಯಲ್ಲೇ ಅಯಾನ್ ಕೋಠಿಗಳು ಎಂಬ ವಿಕಿರಣ ಅಳೆಯುವ ಸಾಧನಗಳು ಪ್ರಮಾಣವನ್ನೂ ಸ್ಥಾನವನ್ನೂ ಅಳೆಯುತ್ತವೆ. ತಪ್ಪಿದರೆ ಯಂತ್ರ ತಾನೇ ನಿಲ್ಲುತ್ತದೆ. ಪ್ರತಿದಿನ ಮಲಗಿಸಿದ ಮೇಲೆ ಎಕ್ಸ್-ರೇ ಚಿತ್ರ ತೆಗೆದು ಮೂಳೆಗಳನ್ನು ಹೊಂದಿಸುತ್ತಾರೆ. ಕಿರಣ ನಿಂತ ಜಾಗವನ್ನೇ ನೋಡುವ ವಿದ್ಯೆಯೂ ಬೆಳೆಯುತ್ತಿದೆ. ಪ್ರೋಟಾನ್ ಬಡಿದ ಪರಮಾಣುಗಳು ಆ ಕ್ಷಣವೇ ಹೊರಸೂಸುವ ಗಾಮಾ ಕಿರಣವನ್ನು ಹಿಡಿಯುವ ಕ್ಯಾಮೆರಾವನ್ನು ಜರ್ಮನಿಯ ಡ್ರೆಸ್ಡೆನ್‌ನಲ್ಲಿ 2015ರಲ್ಲಿ ರೋಗಿಯ ಮೇಲೆ ಮೊದಲು ಬಳಸಿದರು. ಪ್ರೋಟಾನ್ ಹಾದ ದಾರಿಯಲ್ಲಿ ಹುಟ್ಟುವ ವಿಕಿರಣಶೀಲ ಆಮ್ಲಜನಕ-15 ಅನ್ನು ಪೆಟ್ ಸ್ಕ್ಯಾನ್‌ನಲ್ಲಿ ನೋಡುವುದು ಇನ್ನೊಂದು ದಾರಿ; ಅದು ಎರಡೇ ನಿಮಿಷದಲ್ಲಿ ಅರ್ಧವಾಗುವುದರಿಂದ ಅವಸರವೂ ಬೇಕು. ಇವು ಎಲ್ಲ ಕಡೆ ಇರುವುದಿಲ್ಲ. ಹಾಗಾಗಿ ನೀವು ಕೇಳಬೇಕಾದ ಪ್ರಶ್ನೆ: ‘ಮುಂದಿನ ಪರಿಶೀಲನಾ ಸಿ.ಟಿ. ಯಾವ ದಿನ?’ ಉತ್ತರವನ್ನು ತಾರೀಖಿನ ಸಮೇತ ಬರೆದುಕೊಳ್ಳಿ.

ನೋಟ್‌ಬುಕ್ಕನ್ನು ಚೀಲದಲ್ಲಿ ಇಡಬೇಡಿ. ಮಗುವಿನ ಬಟ್ಟೆ ಬದಲಿಸುವ ಮುಂಚೆಯೇ, ಆ ದಿನದ ಪುಟ ತೆರೆದು, ಒಳಗಿನ ಸಿಬ್ಬಂದಿಯ ಕೈಗೆ ಕೊಡಿ.