ಎಂಎಸ್‌ಐ-ಸೆನ್ಸರ್ ಬಳಸಿ ಗಡ್ಡೆಯ ಮೈಕ್ರೋಸ್ಯಾಟಲೈಟ್ ಅಸ್ಥಿರತೆಯನ್ನು ಗುರುತಿಸುವ ಕ್ರಮ

ಡಿಎನ್‌ಎಯಲ್ಲಿ ಒಂದೇ ಅಕ್ಷರ ಸಾಲಾಗಿ ಮರುಕಳಿಸುವ ಕಡೆಗಳಲ್ಲಿ ನಕಲು ಮಾಡುವ ಕಿಣ್ವ ಎಣಿಕೆ ತಪ್ಪುವುದು ಸಾಮಾನ್ಯ. ಆ ತಪ್ಪನ್ನು ತಿದ್ದುವ ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6 ಅಥವಾ ಪಿಎಂಎಸ್2 ವಂಶವಾಹಿ ಕೆಟ್ಟರೆ ಈ ಸಾಲುಗಳ ಉದ್ದ ಏರುಪೇರಾಗುತ್ತದೆ. ಅದೇ ಮೈಕ್ರೋಸ್ಯಾಟಲೈಟ್ ಅಸ್ಥಿರತೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2017ರ ಮೇ ತಿಂಗಳಲ್ಲಿ, ಇಂತಹ ಮುಂದುವರಿದ ಗಡ್ಡೆ ಯಾವ ಅಂಗದಲ್ಲಿ ಹುಟ್ಟಿದ್ದರೂ ಪೆಂಬ್ರೊಲಿಜುಮ್ಯಾಬ್ ಎಂಬ, ದೇಹದ ರೋಗನಿರೋಧಕ ಶಕ್ತಿಯನ್ನು ಗಡ್ಡೆಯ ವಿರುದ್ಧ ಎಬ್ಬಿಸುವ ಔಷಧ ನೀಡಬಹುದೆಂದು ಅನುಮೋದಿಸಿದ್ದರಿಂದ, ಈ ಪರೀಕ್ಷೆಯ ಫಲಿತಾಂಶ ಚಿಕಿತ್ಸೆಯ ದಾರಿಯನ್ನೇ ಬದಲಿಸಬಲ್ಲದು.

ಎಂಎಸ್‌ಐ-ಸೆನ್ಸರ್ ಈ ಏರುಪೇರನ್ನು ಅಳೆಯುವ ತಂತ್ರಾಂಶ. ಮೊದಲಿಗೆ ಒಬ್ಬರೇ ರೋಗಿಯ ಗಡ್ಡೆ ಮತ್ತು ರಕ್ತ, ಎರಡರ ರೀಡ್‌ಗಳನ್ನೂ (ಯಂತ್ರ ಓದಿದ ಡಿಎನ್‌ಎ ತುಣುಕುಗಳು) ಒಂದೇ ಆಕರ ಜೀನೋಮ್‌ಗೆ (ಹೋಲಿಕೆಗೆ ಬಳಸುವ ಮಾನವ ಡಿಎನ್‌ಎಯ ಮಾದರಿ) ಹೊಂದಿಸಿ ಬ್ಯಾಮ್ ಫೈಲ್‌ಗಳನ್ನಾಗಿ ಮಾಡಿ, ನಕಲಿ ರೀಡ್‌ಗಳನ್ನು ಗುರುತು ಮಾಡಿ, ಇಂಡೆಕ್ಸ್ ಮಾಡಿಟ್ಟುಕೊಳ್ಳಬೇಕು. ಬಳಿಕ 'ಸ್ಕ್ಯಾನ್' ಆಜ್ಞೆಯಿಂದ ಅದೇ ಜೀನೋಮ್‌ನ ಪುನರಾವರ್ತನೆಗಳ ಪಟ್ಟಿ ತಯಾರಿಸಿ, 'ಎಂಎಸ್‌ಐ' ಆಜ್ಞೆಗೆ ಆ ಪಟ್ಟಿಯನ್ನೂ ಎರಡು ಬ್ಯಾಮ್‌ಗಳನ್ನೂ ಕೊಡಬೇಕು. ಪಟ್ಟಿ ಒಂದು ಬಾರಿ ಮಾಡಿದರೆ ಸಾಕು. ವರ್ಣತಂತುಗಳ ಹೆಸರು ಒಂದು ಫೈಲ್‌ನಲ್ಲಿ ಬರಿಯ ಅಂಕಿಯಾಗಿಯೂ ಇನ್ನೊಂದರಲ್ಲಿ 'ಸಿಎಚ್‌ಆರ್' (chr) ಎಂಬ ಪೂರ್ವಪದದೊಂದಿಗೂ ಇದ್ದರೆ ಎಣಿಕೆಗೆ ಯಾವ ಸ್ಥಾನವೂ ಸಿಗದೆ ಹೋಗಬಹುದು.

ತಂತ್ರಾಂಶವು ಪ್ರತಿ ಸ್ಥಾನದಲ್ಲೂ ಗಡ್ಡೆಯ ಮತ್ತು ರಕ್ತದ ಉದ್ದಗಳ ಹಂಚಿಕೆಯನ್ನು ಕೈ-ವರ್ಗ ಪರೀಕ್ಷೆಯಿಂದ ಹೋಲಿಸಿ, ಬದಲಾದ ಸ್ಥಾನಗಳ ಶೇಕಡಾವಾರು ಪ್ರಮಾಣವನ್ನು ಅಂಕವಾಗಿ ಕೊಡುತ್ತದೆ: 1000 ಸ್ಥಾನಗಳಲ್ಲಿ 240 ಬದಲಾಗಿದ್ದರೆ ಅಂಕ 24. ಈ ಅಂಕವನ್ನಷ್ಟೇ ನೋಡಿ ವರದಿ ಬರೆಯುವುದು ನನ್ನ ದೃಷ್ಟಿಯಲ್ಲಿ ಅವಸರ. ಜೊತೆಗೆ ಬರುವ ಹಂಚಿಕೆಯ ಫೈಲ್ ತೆರೆದು, ಎಂಎಸ್‌ಎಚ್2 ವಂಶವಾಹಿಯೊಳಗಿನ ಬ್ಯಾಟ್-26 ಎಂಬ 26 'ಎ'ಗಳ ಸಾಲು ನಿಮ್ಮ ಪ್ಯಾನೆಲ್‌ನಲ್ಲಿ (ಓದಿಸಲು ಆರಿಸಿದ ವಂಶವಾಹಿಗಳ ಗುಂಪು) ಇದ್ದರೆ ಅದನ್ನು ಹುಡುಕಿ. ರಕ್ತದ ಸಾಲಿನಲ್ಲಿ ರೀಡ್‌ಗಳು ಒಂದು ಉದ್ದದ ಸುತ್ತಲೇ ಗುಂಪುಗೂಡಿರುತ್ತವೆ; ಅಸ್ಥಿರ ಗಡ್ಡೆಯಲ್ಲಿ ಅದಕ್ಕಿಂತ ಹಲವು ಅಕ್ಷರ ಕಡಿಮೆ ಇರುವ ಕಡೆ ಇನ್ನೊಂದು ಗುಂಪು ಎದ್ದು ಕಾಣುತ್ತದೆ. ಎರಡರಲ್ಲಿ ಯಾವುದಾದರೂ ಒಂದು ಕಡೆ ರೀಡ್‌ಗಳು 20ಕ್ಕಿಂತ ಕಡಿಮೆಯಿದ್ದರೂ ಆ ಸ್ಥಾನವನ್ನು ನಂಬಬೇಡಿ.

ಯಾವ ಅಂಕದಿಂದ ಮೇಲೆ ಅಸ್ಥಿರ ಎನ್ನಬೇಕೆಂಬುದು ಪ್ಯಾನೆಲ್ಲನ್ನು ಅವಲಂಬಿಸಿದೆ. ಈ ತಂತ್ರಾಂಶದ 2014ರ ಮೂಲ ಪ್ರಬಂಧ 3.5 ಎಂದಿತು; ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರ ತನ್ನ ಪ್ಯಾನೆಲ್‌ಗೆ 10 ಎಂದು ಗೊತ್ತುಮಾಡಿ, 3ರಿಂದ 10ರ ನಡುವಿನದನ್ನು ಅನಿರ್ಧಾರಿತ ಎಂದಿತು. ನಿಮ್ಮ ಕಿಟ್‌ಗೆ ಬೇಕಾದ ಗಡಿಯನ್ನು ಪಿಸಿಆರ್‌ನಿಂದ ಖಚಿತವಾದ ಸ್ಯಾಂಪಲ್‌ಗಳ ಮೇಲೆ ನೀವೇ ನಿಶ್ಚಯಿಸಬೇಕು.

ಕಡಿಮೆ ಅಂಕ ಬಂದಾಗ ಗಡ್ಡೆಯ ಕೋಶಗಳ ಪ್ರಮಾಣವನ್ನು ಪೆಥಾಲಜಿಸ್ಟರಲ್ಲಿ ಕೇಳಿ. ಅಸ್ಥಿರ ಗಡ್ಡೆಗಳಿಗೇ ಬಿಳಿ ರಕ್ತಕಣಗಳು ಹೆಚ್ಚಾಗಿ ನುಗ್ಗುವುದರಿಂದ, ಸ್ಯಾಂಪಲ್‌ನಲ್ಲಿ ಆರೋಗ್ಯವಂತ ಡಿಎನ್‌ಎ ಬೆರೆತು ಅಂಕ ಇಳಿಯುವ ಸಂಭವ ಅಲ್ಲಿಯೇ ಹೆಚ್ಚು. ರಕ್ತ ಸಿಗದಿದ್ದರೆ, ಗಡ್ಡೆಯೊಂದನ್ನೇ ನೋಡಿ ಅಳೆಯಬಲ್ಲ ಎಂಎಸ್‌ಐ-ಸೆನ್ಸರ್-ಪ್ರೋ ಬಳಸಬಹುದು. ಆದರೆ ಹೋಲಿಕೆಯ ಆಧಾರವನ್ನು ಅದೇ ಕಿಟ್‌ನಲ್ಲಿ ಓದಿಸಿದ ಸಹಜ ಸ್ಯಾಂಪಲ್‌ಗಳಿಂದಲೇ ಕಟ್ಟಬೇಕು.

ಅಂಕ ಹೆಚ್ಚಿದ್ದರೂ ದೋಷ ವಂಶಪಾರಂಪರ್ಯವೋ ಅಲ್ಲವೋ ಎಂಬುದು ಅದರಿಂದ ತಿಳಿಯದು. ದೊಡ್ಡ ಕರುಳಿನ ಗಡ್ಡೆಯಲ್ಲಿ ಎಂಎಲ್‌ಎಚ್1 ಪ್ರೋಟೀನ್ ಕಾಣದಿದ್ದರೆ ಮೊದಲು ಆ ವಂಶವಾಹಿಯನ್ನು ಮೌನಗೊಳಿಸುವ ಪ್ರೊಮೋಟರ್ ಮಿಥೈಲೀಕರಣವನ್ನೋ ಬಿರಾಫ್ ವಿ600ಇ ರೂಪಾಂತರವನ್ನೋ ನೋಡಿ, ಸಾಮಾನ್ಯವಾಗಿ ವಂಶಪಾರಂಪರ್ಯವಲ್ಲದ ದೋಷವನ್ನು ಸೂಚಿಸುವ ಅವು ಇಲ್ಲವಾದರೆ, ಲಿಂಚ್ ಸಿಂಡ್ರೋಮ್ ಎಂಬ, ಈ ತಿದ್ದುವ ವಂಶವಾಹಿಗಳ ವಂಶಪಾರಂಪರ್ಯ ದೋಷಕ್ಕಾಗಿ ರಕ್ತದ ವಂಶವಾಹಿ ಪರೀಕ್ಷೆಗೆ ಶಿಫಾರಸು ಮಾಡಬೇಕು.