ಗೀಜಗನ ಗೂಡೊಳಗೆ ಮಣ್ಣು ಯಾಕೆ, ಮಿಸ್?

ಮಂಡ್ಯ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ನಾನು ನಲಿ-ಕಲಿ, ಅಂದರೆ ಚಟುವಟಿಕೆಗಳ ಮೂಲಕ ಕಲಿಯುವ ತರಗತಿ ನಡೆಸುತ್ತೇನೆ. ಒಂದರಿಂದ ಮೂರನೇ ತರಗತಿಯ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ಕೂರುತ್ತಾರೆ. ಪ್ರಾಜೆಕ್ಟ್ ಅಂದ ಕೂಡಲೇ ಬಹಳ ಮನೆಗಳಲ್ಲಿ ಚಾರ್ಟು, ಥರ್ಮಾಕೋಲ್ ತಂದು ಅಪ್ಪ ಅಮ್ಮನೇ ಅಂಟಿಸಲು ಕೂರುತ್ತಾರೆ. ಅದಕ್ಕೇ ನಮ್ಮ ಕೆಲಸವೆಲ್ಲ ಶಾಲೆಯಲ್ಲೇ ನಡೆಯಬೇಕು, ದುಡ್ಡು ಕೊಟ್ಟು ಏನನ್ನೂ ತರಬಾರದು ಎಂದು ಮೊದಲೇ ಹೇಳಿಬಿಟ್ಟೆ.

ಮಳೆಗಾಲ ಮುಗಿದ ಮೇಲೆ ನಾಲೆ ಪಕ್ಕದ ಈಚಲು ಮರದಿಂದ ಬಿದ್ದಿದ್ದ ಗೀಜಗನ ಗೂಡೊಂದನ್ನು ಹುಡುಗನೊಬ್ಬ ತಂದ. ಮರದಲ್ಲಿರುವ ಗೂಡನ್ನು ಮಾತ್ರ ಯಾರೂ ಮುಟ್ಟಬಾರದು ಎಂದೆ. ಗೂಡನ್ನು ಬಿಡಿಸಿ ನೋಡಿದರೆ ಒಳಗೆ ಒಣಗಿದ ಮಣ್ಣಿನ ಹೆಂಟೆ. “ಮಿಂಚುಹುಳ ಅಂಟಿಸಿ ದೀಪ ಮಾಡ್ಕೊಳ್ಳುತ್ತೆ, ನಮ್ಮಜ್ಜಿ ಹೇಳಿದ್ದಾರೆ” ಎಂದಳು ಒಬ್ಬಳು. ಗಾಳಿಗೆ ಗೂಡು ಜಾಸ್ತಿ ಓಲಾಡದಿರಲೆಂದು ಭಾರಕ್ಕೆ ಮೆತ್ತುತ್ತದೆ ಅನ್ನುವ ಊಹೆಯನ್ನು ನಾನು ಓದಿದ್ದೆ. ಆದರೆ ಹೇಳಲಿಲ್ಲ. “ನಾವೇ ಗೂಡು ಕಟ್ಟಿ ನೋಡೋಣ್ವಾ?” ಎಂದಷ್ಟೇ ಕೇಳಿದೆ.

ನಾನೇ ಒಂದು ಮಾದರಿ ಮಾಡಿ ತೋರಿಸಲಿಲ್ಲ. ಟೀಚರ್ ಮಾಡಿದ್ದು ಕಣ್ಣ ಮುಂದಿದ್ದರೆ ಮಕ್ಕಳು ಅದನ್ನೇ ನಕಲು ಮಾಡುತ್ತಾರೆ. ಒಣಹುಲ್ಲು ಪಟಪಟ ಮುರಿಯಿತು. ಹಸಿ ಕಬ್ಬಿನ ಗರಿ ಬಾಗಿತು, ಆದರೆ ಅಗಲ ಜಾಸ್ತಿ. ಹಕ್ಕಿ ಹೇಗೆ ಮಾಡುತ್ತದೆ ಎಂದು ಕೇಳಿದೆ. ಗದ್ದೆ ಬದುವಿನಲ್ಲಿ ಆಡುವ ಮಕ್ಕಳಲ್ಲವೇ, ಅವರಿಗೆ ಗೊತ್ತಿತ್ತು: ಗಂಡು ಗೀಜಗ ಗರಿಯ ಅಂಚನ್ನು ಕಚ್ಚಿ, ಉದ್ದಕ್ಕೆ ಸೀಳಿಕೊಂಡು ಹಾರುತ್ತದೆ. ಇವರೂ ಉಗುರಿನಲ್ಲಿ ಸೀಳಿದರು. ಎರಡನೇ ತರಗತಿಯ ಹುಡುಗಿಯೊಬ್ಬಳು ಮನೆಯಿಂದ ಬಟ್ಟೆ ಕ್ಲಿಪ್ ತಂದು, “ಇದೇ ಕೊಕ್ಕು, ಕೈಯಲ್ಲಿ ಹೆಣೆಯಂಗಿಲ್ಲ” ಎಂದು ನಿಯಮವನ್ನೇ ಮಾಡಿದಳು! ಅಲ್ಲಿಂದ ಆಟದ ರಂಗೇ ಬದಲಾಯಿತು. ಗಂಟು ನಿಲ್ಲದಿದ್ದಾಗ ಒಬ್ಬ ಸುತ್ತು ಹಾಕಿದ, ಇನ್ನೊಬ್ಬಳು ಗರಿಯ ತುದಿಯನ್ನು ಒಳಗೆ ತೂರಿಸಿದಳು. “ಮನಸ್ಸಿಗೆ ಬಂದಿದ್ದು ಬರೀರಿ” ಎಂದಾಗ ಸೂರ್ಯ, ಬೆಟ್ಟ, ಮನೆಯನ್ನೇ ಬರೆಯುವ ಮಕ್ಕಳು ಇವರು. ಗರಿ ಮಾತು ಕೇಳದಿದ್ದಾಗ ಮಾತ್ರ ಒಬ್ಬೊಬ್ಬರೂ ಒಂದೊಂದು ದಾರಿ ಹುಡುಕಿದರು.

ಗರಿಯನ್ನು ಗೇಣಿನಲ್ಲಿ ಅಳೆದರು, ಗೂಡಿನ ಭಾಗಗಳ ಹೆಸರು ಬರೆದರು. ಗಣಿತ, ಭಾಷೆಯ ಚಟುವಟಿಕೆ ಹಾಗೇ ಸೇರಿಕೊಂಡಿತು. ಮಕ್ಕಳು ಮಾಡಿದ್ದನ್ನು ತೂಗುಹಾಕಲು ತರಗತಿಯಲ್ಲಿ ತಲೆಯ ಮೇಲೆ ಕಟ್ಟಿರುವ ದಾರದ ಚಪ್ಪರಕ್ಕೆ ಗೂಡುಗಳನ್ನು ಕಟ್ಟಿ ಫ್ಯಾನ್ ಹಾಕಿದೆವು. ಖಾಲಿ ಗೂಡುಗಳು ಗಿರಗಿರನೆ ತಿರುಗಿದವು. ಒಳಗೆ ಮಣ್ಣು ಮೆತ್ತಿದ್ದ ಗೂಡುಗಳು ಅಷ್ಟು ತಿರುಗಲಿಲ್ಲ. ಮಿಂಚುಹುಳ ಎಂದಿದ್ದವಳು ಸುಮ್ನೆ ಒಪ್ಪಲಿಲ್ಲ, ಅದು ನನಗೆ ತುಂಬ ಇಷ್ಟವಾಯಿತು. “ಮೊಟ್ಟೆ ಇಟ್ಟರೆ ಹೇಗೂ ಭಾರ ಆಗುತ್ತಲ್ವಾ, ಮತ್ತೆ ಮಣ್ಣು ಯಾಕೆ?” ಎಂದು ಕೇಳಿದಳು. ಮೊಟ್ಟೆಯಷ್ಟು ಹಗುರವಾಗಿರುವುದು ಏನಿದೆ ಎಂದು ಈಗ ಹುಡುಕುತ್ತಿದ್ದಾರೆ. ಬೆಣಚುಕಲ್ಲು ಭಾರ ಜಾಸ್ತಿಯಾಯಿತು, ಹುಣಸೆಬೀಜ ಸಾಲಲಿಲ್ಲ.