ಕಲಬುರಗಿ ಭಾಗದಲ್ಲಿ ನರ್ಸಿಂಗ್ ಕಾಲೇಜನ್ನು ಆರಿಸುವ ಬಗೆ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಕೂಡಲೇ ಕಲಬುರಗಿ, ಬೀದರ್ ಮತ್ತು ಯಾದಗಿರಿಯ ಮನೆಗಳಿಗೆ ನರ್ಸಿಂಗ್ ಕಾಲೇಜುಗಳ ಕರಪತ್ರಗಳು ಬರತೊಡಗುತ್ತವೆ. ಅವುಗಳಲ್ಲಿ ಕಟ್ಟಡದ ಚಿತ್ರವಿರುತ್ತದೆ, ಬಸ್ಸಿನ ಚಿತ್ರವಿರುತ್ತದೆ. ವಿದ್ಯಾರ್ಥಿಗಳು ಯಾವ ಆಸ್ಪತ್ರೆಯ ಯಾವ ವಾರ್ಡಿನಲ್ಲಿ ಕೆಲಸ ಕಲಿಯುತ್ತಾರೆ ಎಂಬ ವಿವರ ಮಾತ್ರ ಅಪರೂಪ. ಕಾಲೇಜುಗಳನ್ನು ಹೋಲಿಸುವವರು ಮುಖ್ಯವಾಗಿ ವಿಚಾರಿಸಬೇಕಾದದ್ದು ಅದನ್ನೇ.

ಅದಕ್ಕೂ ಮೊದಲು ಕೋರ್ಸ್ ಯಾವುದೆಂದು ನಿಶ್ಚಯಿಸಿಕೊಳ್ಳಬೇಕು. ಬಿ.ಎಸ್ಸಿ. ನರ್ಸಿಂಗ್ 4 ವರ್ಷಗಳ ಪದವಿಯಾಗಿದ್ದು, ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರ ಓದಿದವರಿಗೆ ದೊರೆಯುತ್ತದೆ. 3 ವರ್ಷಗಳ ಜಿಎನ್‌ಎಂ (ಸಾಮಾನ್ಯ ನರ್ಸಿಂಗ್ ಮತ್ತು ಹೆರಿಗೆ ಶುಶ್ರೂಷೆ) ಡಿಪ್ಲೊಮಾಕ್ಕೆ ಕಲೆ ಅಥವಾ ವಾಣಿಜ್ಯ ಓದಿದವರೂ ಸೇರಬಹುದು, ಮತ್ತು ಅದನ್ನು ಮುಗಿಸಿದವರು 2 ವರ್ಷಗಳ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮೂಲಕ ಪದವಿ ಪಡೆಯಬಹುದು. ಏಮ್ಸ್ ನಡೆಸುವ ನರ್ಸಿಂಗ್ ಆಫೀಸರ್ ನೇಮಕಾತಿ ಪರೀಕ್ಷೆಗೆ ಪದವೀಧರರು ನೇರವಾಗಿ ಅರ್ಹರಾದರೆ, ಜಿಎನ್‌ಎಂ ಆದವರಿಗೆ ಕನಿಷ್ಠ 50 ಹಾಸಿಗೆಗಳ ಆಸ್ಪತ್ರೆಯಲ್ಲಿ 2 ವರ್ಷಗಳ ಅನುಭವ ಬೇಕಾಗುತ್ತದೆ. ಆದ್ದರಿಂದ ವಿಜ್ಞಾನ ಓದಿದ ಮಕ್ಕಳನ್ನು, ಸೀಟು ಸುಲಭವಾಗಿ ಸಿಕ್ಕಿತೆಂಬ ಒಂದೇ ಕಾರಣಕ್ಕೆ ಡಿಪ್ಲೊಮಾಕ್ಕೆ ಸೇರಿಸುವುದು ನನ್ನ ಮಟ್ಟಿಗೆ ಸರಿಯಲ್ಲ.

ನಮ್ಮ ಭಾಗದ ಬಹುತೇಕ ನರ್ಸಿಂಗ್ ಕಾಲೇಜುಗಳ ಪದವಿಯನ್ನು ನೀಡುವುದು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಪಠ್ಯಕ್ರಮವೂ ಪರೀಕ್ಷೆಯೂ ಒಂದೇ ಆಗಿರುವುದರಿಂದ ವ್ಯತ್ಯಾಸ ಕಾಣುವುದು ಕಲಿಸುವ ರೀತಿಯಲ್ಲಿ ಮತ್ತು ಆಸ್ಪತ್ರೆಯಲ್ಲಿ. ವಿಶ್ವವಿದ್ಯಾಲಯದೊಂದಿಗಿನ ಕಾಲೇಜಿನ ಸಂಯೋಜನೆ ಈ ವರ್ಷಕ್ಕೂ ಮುಂದುವರಿದಿದೆಯೇ, ಎಷ್ಟು ಸೀಟುಗಳಿಗೆ ಅನುಮತಿಯಿದೆ ಎಂಬುದನ್ನು ವಿಶ್ವವಿದ್ಯಾಲಯದ ಜಾಲತಾಣದಲ್ಲಿಯೂ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿಯೂ ಪರಿಶೀಲಿಸಿಕೊಳ್ಳಿ. ಕಾಲೇಜಿನ ಗೋಡೆಯ ಮೇಲೆ ತೂಗುಹಾಕಿದ ಹಳೆಯ ಪತ್ರ ಸಾಲದು.

ಇನ್ನು ಆಸ್ಪತ್ರೆಯ ಮಾತು. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಂತೆ ಬಿ.ಎಸ್ಸಿ. ನಡೆಸುವ ಕಾಲೇಜಿಗೆ ಕನಿಷ್ಠ 100 ಹಾಸಿಗೆಗಳ ಪೇರೆಂಟ್ ಹಾಸ್ಪಿಟಲ್ (ಕಾಲೇಜು ನಡೆಸುವ ಸಂಸ್ಥೆಯದೇ ಆದ ಆಸ್ಪತ್ರೆ) ಇರಬೇಕು, ಒಬ್ಬ ವಿದ್ಯಾರ್ಥಿಗೆ 3 ರೋಗಿಗಳಂತೆ ಅವಕಾಶ ದೊರೆಯಬೇಕು ಮತ್ತು 10 ವಿದ್ಯಾರ್ಥಿಗಳಿಗೆ ಒಬ್ಬ ಬೋಧಕರು ಇರಬೇಕು. ಕಾಗದದಲ್ಲಿ 100 ಹಾಸಿಗೆಗಳಿದ್ದು ಅರ್ಧದಷ್ಟು ಖಾಲಿಯಿದ್ದರೆ ಕಲಿಕೆ ಅಷ್ಟಕ್ಕೇ ನಿಲ್ಲುತ್ತದೆ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್ ಮತ್ತು ಯಾದಗಿರಿಯ ಯಿಮ್ಸ್ ಎಂಬ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿಗೆ ಸುತ್ತಲಿನ ತಾಲ್ಲೂಕುಗಳಿಂದ ರೋಗಿಗಳು ಬರುತ್ತಾರೆ. ಖಾಸಗಿ ಕಾಲೇಜು ತನ್ನ ವಿದ್ಯಾರ್ಥಿಗಳನ್ನು ಇಂಥ ಕಡೆ ಕಳಿಸುತ್ತೇವೆಂದರೆ ಒಪ್ಪಂದದ ಪ್ರತಿಯನ್ನೂ, ವಾರದ ಡ್ಯೂಟಿ ಪಟ್ಟಿಯನ್ನೂ ಕೇಳಿ ನೋಡಿ. ಸಾಧ್ಯವಾದರೆ ಒಂದು ಮುಂಜಾನೆ, ಪಾಳಿ ಬದಲಾಗುವ ಹೊತ್ತಿಗೆ, ಸಂದರ್ಶಕರಿಗೆ ಬಿಡುವ ಜಾಗದಲ್ಲಿ ನಿಂತು ಗಮನಿಸಿ. ಒಂದೇ ಮಂಚದ ಸುತ್ತ ಹತ್ತು ಮಂದಿ ಸಮವಸ್ತ್ರದವರು ಕೈಕಟ್ಟಿ ನಿಂತಿದ್ದಾರೆಯೇ, ಅಥವಾ ಒಬ್ಬೊಬ್ಬರೂ ತಮಗೆ ವಹಿಸಿದ ರೋಗಿಯ ರಕ್ತದೊತ್ತಡ ಅಳೆದು ಬರೆದುಕೊಳ್ಳುತ್ತಿದ್ದಾರೆಯೇ? ಬೋಧಕರು ವಾರ್ಡಿಗೆ ಬಂದಿದ್ದಾರೆಯೇ? ಮೂರನೆಯ ಅಥವಾ ನಾಲ್ಕನೆಯ ವರ್ಷದ ವಿದ್ಯಾರ್ಥಿಯೊಬ್ಬರನ್ನು ಮಾತಾಡಿಸಿ, ಎಷ್ಟು ಹೆರಿಗೆಗಳಲ್ಲಿ ತಾವೇ ಕೈಯಿಟ್ಟು ಕೆಲಸ ಮಾಡಿದ್ದಾರೆ, ಮಾಡಿದ ಕೆಲಸ ದಾಖಲಿಸುವ ಲಾಗ್ ಬುಕ್ಕಿಗೆ ಸಹಿ ಅಂದಂದೇ ಆಗುತ್ತದೆಯೇ ಎಂದು ಕೇಳಿದರೆ ಕರಪತ್ರ ಹೇಳದ ಸಂಗತಿಗಳು ತಿಳಿಯುತ್ತವೆ.

ಬೀದರ್ ಕಡೆಯವರಿಗೆ ಹೈದರಾಬಾದ್ ಮತ್ತು ಲಾತೂರ್ ಹತ್ತಿರವಾದ್ದರಿಂದ ಅಲ್ಲಿನ ಕಾಲೇಜುಗಳೂ ಪಟ್ಟಿಯಲ್ಲಿ ಸೇರುತ್ತವೆ. ತೆಲಂಗಾಣದಲ್ಲಿ ಕಾಳೋಜಿ ನಾರಾಯಣ ರಾವ್ ಆರೋಗ್ಯ ವಿಶ್ವವಿದ್ಯಾಲಯದ, ಮಹಾರಾಷ್ಟ್ರದಲ್ಲಿ ನಾಸಿಕ್‌ನ ಆರೋಗ್ಯ ವಿಶ್ವವಿದ್ಯಾಲಯದ ಸಂಯೋಜನೆಯನ್ನು ನೋಡಬೇಕು. ಅಲ್ಲಿ ಓದಿ ಅಲ್ಲಿಯೇ ನೋಂದಾಯಿಸಿಕೊಂಡವರು ಕರ್ನಾಟಕದಲ್ಲಿ ಕೆಲಸ ಮಾಡಲು ಇಲ್ಲಿನ ಪರಿಷತ್ತಿನಲ್ಲಿ ಮತ್ತೆ ನೋಂದಣಿ ಮಾಡಿಸಬೇಕಾಗುತ್ತದೆ. ಅಲ್ಲದೆ, ಸಂವಿಧಾನದ 371-ಜೆ ವಿಧಿಯಡಿ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಇರುವ ಶೇಕಡಾ 70ರ ಮೀಸಲಾತಿ ಗಡಿಯಾಚೆ ಅನ್ವಯಿಸುವುದಿಲ್ಲ. ಇಲ್ಲಿಯೇ ಸರ್ಕಾರಿ ಕೋಟಾದ ಸೀಟಿಗೆ ಪ್ರಯತ್ನಿಸುವವರು ಈ ಮೀಸಲಾತಿಗೆ ಬೇಕಾದ ಅರ್ಹತಾ ಪ್ರಮಾಣಪತ್ರವನ್ನು ಫಲಿತಾಂಶಕ್ಕಾಗಿ ಕಾಯದೆ ಮೊದಲೇ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.

ಶುಲ್ಕವನ್ನು ಹೋಲಿಸುವಾಗ ನಾಲ್ಕೂ ವರ್ಷಗಳ ಮೊತ್ತವನ್ನು, ಹಾಸ್ಟೆಲ್, ಸಮವಸ್ತ್ರ, ಪರೀಕ್ಷಾ ಶುಲ್ಕ ಮತ್ತು ಆಸ್ಪತ್ರೆಗೆ ಓಡಾಡುವ ಬಸ್ಸಿನ ಖರ್ಚು ಸಮೇತ, ಲಿಖಿತವಾಗಿ ಪಡೆಯಿರಿ. ಮಧ್ಯವರ್ತಿಗಳ ಕೈಗೆ ಹಣ ಕೊಡಬೇಡಿ, ಸಂದಾಯ ಮಾಡಿದ ಪ್ರತಿ ಕಂತಿಗೂ ಕಾಲೇಜಿನ ರಸೀದಿ ಪಡೆಯಿರಿ, ಮತ್ತು ಮೂಲ ಅಂಕಪಟ್ಟಿಗಳನ್ನು ಪರಿಶೀಲನೆಗೆ ಒಪ್ಪಿಸಬೇಕಾಗಿ ಬಂದರೆ ಸ್ವೀಕೃತಿ ಪತ್ರವಿಲ್ಲದೆ ಬಿಟ್ಟುಬರಬೇಡಿ.